ಚೀಟಿ ಓದದೆ ಮುಂದೆ ಹೋಗಬೇಡ

ಮಗಳೇ,

ಹಾಸ್ಟೆಲಿನ ಗೆಳತಿಯರ ಜೊತೆ ಎರಡು ದಿನದ ಮಟ್ಟಿಗೆ ಮೈಸೂರಿಗೆ ಹೊರಟಿದ್ದೀಯಂತೆ, ನಿನ್ನಪ್ಪ ಫೋನಿನಲ್ಲಿ ಹೇಳಿದ. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ. ಈ ಪಟ್ಟಿ ಮೈಸೂರಿನ ಆಟೋದವರಿಗೆಲ್ಲ ಬಾಯಿಪಾಠ, ನಾನು ಹೇಳಿಕೊಡಬೇಕಾಗಿಲ್ಲ. ಅದಕ್ಕೆ ಇನ್ನೊಂದೇ ಒಂದನ್ನು ಸೇರಿಸಿಕೋ ಅಂತ ಈ ಕಾಗದ. ಕಾರಂಜಿ ಕೆರೆಯ ದಂಡೆಯಲ್ಲಿ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಇದೆ. ಹೆಸರು ಉದ್ದ, ಪ್ರಚಾರ ಕಡಿಮೆ. ಅಲ್ಲಿಗೆ ಹೋಗು. ಗೆಳತಿಯರು ಮುಖ ಸಿಂಡರಿಸಿದರೆ ಅವರನ್ನು ಕೆರೆಯ ದೋಣಿಗೆ ಹತ್ತಿಸಿ ನೀನೊಬ್ಬಳೇ ಹೋದರೂ ಆಯಿತು. ನಿಜ ಹೇಳಬೇಕೆಂದರೆ ಒಬ್ಬಳೇ ಹೋಗುವುದೇ ಒಳ್ಳೆಯದು.

ದೆಹಲಿಯಲ್ಲಿ 1978ರ ಜೂನ್ 5ರಂದು, ವಿಶ್ವ ಪರಿಸರ ದಿನದಂದೇ, ಇಂಥದೊಂದು ರಾಷ್ಟ್ರೀಯ ಸಂಗ್ರಹಾಲಯ ಬಾಗಿಲು ತೆರೆಯಿತು. ದೇಶದ ಬೇರೆ ಬೇರೆ ಭಾಗಕ್ಕೂ ಒಂದೊಂದು ಬೇಕು ಎಂದಾಗ ಮೊದಲ ಪಾಲು ಬಂದದ್ದು ಮೈಸೂರಿಗೆ, 1995ರಲ್ಲಿ. ಆಮೇಲೆ ಭೋಪಾಲ್, ಭುವನೇಶ್ವರ, ಸವಾಯ್ ಮಾಧೋಪುರ. ದೆಹಲಿಯ ಮೂಲ ಸಂಗ್ರಹ 2016ರ ಏಪ್ರಿಲ್ 26ರ ನಸುಕಿನಲ್ಲಿ ಬೆಂಕಿಗೆ ಆಹುತಿಯಾಯಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಎರಡು ವರ್ಷ ಕಳೆದು ಬ್ರೆಜಿಲಿನ ರಾಷ್ಟ್ರೀಯ ಸಂಗ್ರಹಾಲಯವೂ ಹಾಗೇ ಉರಿದುಹೋಯಿತು. ಆದ್ದರಿಂದ ‘ಎಲ್ಲಿಗೆ ಹೋಗುತ್ತದೆ, ಮುಂದಿನ ಸಲ ನೋಡಿದರಾಯಿತು’ ಅನ್ನುವ ಮಾತು ಬೇಡ. ಅರಮನೆಗೆ ಬೇಕಾದರೆ ಆ ಮಾತು ಹೇಳು, ದಸರೆಗೆ ಇನ್ನೊಮ್ಮೆ ಬಂದೇ ಬರುತ್ತೀಯ.

ಹೋದಮೇಲೆ ಹೇಗೆ ನೋಡಬೇಕು ಅನ್ನುವುದು ಮುಖ್ಯ. ಎಲ್ಲವನ್ನೂ ನೋಡುತ್ತೇನೆ ಅಂತ ಹೊರಡಬೇಡ. ಶಾಲೆಯ ಮಕ್ಕಳನ್ನು ಕರೆತರುವ ಮೇಷ್ಟ್ರುಗಳು ‘ಸಾಲಾಗಿ ನಡೀರಿ, ಮುಟ್ಟಬೇಡಿ, ನಿಲ್ಲಬೇಡಿ’ ಅಂತ ಅಟ್ಟಿಕೊಂಡು ಹೋಗುವುದನ್ನು ನೋಡಿದ್ದೇನೆ. ಮುಟ್ಟಬೇಡಿ ಅನ್ನುವುದು ಸರಿ. ನಿಲ್ಲಬೇಡಿ ಅನ್ನುವುದು ಪಾಪ. ನಿಂತು ನೋಡಲೆಂದೇ ಜೋಡಿಸಿಟ್ಟ ಜಾಗದಲ್ಲಿ ನಿಲ್ಲದೆ ಓಡಿದ ಮಗುವಿಗೆ ಆ ದಿನದಿಂದ ಉಳಿಯುವುದು ಬಸ್ಸಿನಲ್ಲಿ ಹಾಡಿದ ಅಂತ್ಯಾಕ್ಷರಿ ಮತ್ತು ಪುಳಿಯೋಗರೆ. ನೀನು ಒಂದು ಸುತ್ತು ಸುಮ್ಮನೆ ತಿರುಗಿ ಬಾ, ಕಣ್ಣಾಡಿಸು. ಎರಡನೇ ಸುತ್ತಿನಲ್ಲಿ ಕಾಲು ತಾನಾಗಿ ಎಲ್ಲಿ ನಿಂತಿತೋ ಅಲ್ಲಿ ನಿಂತುಬಿಡು. ಕಾಲು ಗಂಟೆ. ಮೊದಲ ಐದು ನಿಮಿಷ ಬೇಸರ ಬರುತ್ತದೆ, ಕೈ ಮೊಬೈಲಿನ ಕಡೆ ಹೋಗುತ್ತದೆ. ಅದನ್ನು ದಾಟು. ನೋಟ ಬಿಚ್ಚಿಕೊಳ್ಳುವುದು ಆಮೇಲೆಯೇ.

ನಿಂತಾಗ ಮೊದಲು ಓದಬೇಕಾದ್ದು ಪ್ರಾಣಿಯನ್ನಲ್ಲ, ಅದರ ಕೆಳಗಿನ ಚೀಟಿಯನ್ನು.

ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಒಂದು ಗಾಜಿನ ಬೀರು ಇತ್ತು. ಬಾಗಿಲು ತೆರೆದರೆ ಫಾರ್ಮಲಿನ್ ವಾಸನೆ ಕಣ್ಣಿಗೇ ಹೊಡೆಯುವುದು. ಅದರಲ್ಲೊಂದು ಜಾಡಿಯಲ್ಲಿ ಹಾರುವ ಓತಿ. ಮಲೆನಾಡಿನ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ತೇಲುವ ಅದೇ ಓತಿ, ತೇಜಸ್ವಿಯವರ ‘ಕರ್ವಾಲೋ’ ಓದಿದ್ದೀಯಲ್ಲ. ಯಾರೋ ಹಳೆಯ ಅಟೆಂಡರ್ ಅದರ ಎರಡೂ ಪಕ್ಕದ ಪೊರೆಯನ್ನು ಗುಂಡುಸೂಜಿಯಿಂದ ಬಿಡಿಸಿ ಗಾಜಿನ ಪಟ್ಟಿಗೆ ಕಟ್ಟಿದ್ದ. ಹತ್ತಿರ ಬಗ್ಗಿ ನೋಡಿದರೆ ಪೊರೆಯ ಒಳಗೆ ಕೊಡೆಯ ಕಡ್ಡಿಗಳ ಹಾಗೆ ಪಕ್ಕೆಲುಬುಗಳು ಕಾಣುತ್ತಿದ್ದವು. ನಮ್ಮ ಎದೆಗೂಡನ್ನು ಮುಚ್ಚಿ ಕಾಯುವ ಮೂಳೆಗಳೇ ಆ ಜೀವಿಯಲ್ಲಿ ಉದ್ದ ಬೆಳೆದು ಹೊರಗೆ ಚಾಚಿ ರೆಕ್ಕೆಯ ಕೆಲಸಕ್ಕೆ ನಿಂತಿವೆ. ಪುಸ್ತಕದಲ್ಲಿ ಇದು ಒಂದು ಸಾಲು. ಜಾಡಿಯ ಮುಂದೆ ನಿಂತವರು ತಮ್ಮದೇ ಪಕ್ಕೆಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಆ ಓತಿ ಪೂರ್ತಿ ಬೆಳ್ಳಗಾಗಿತ್ತು. ಜೀವಂತ ಗಂಡು ಓತಿಯ ಗಂಟಲಿನ ಕೆಳಗೆ ಹಳದಿ ಚೀಲವೊಂದಿರುತ್ತದೆ, ಅದನ್ನು ಚಾಚಿ ಮುಚ್ಚಿ ಹೆಣ್ಣಿಗೆ ಸನ್ನೆ ಮಾಡುತ್ತದೆ. ಫಾರ್ಮಲಿನ್ ಬಣ್ಣವನ್ನು ಉಳಿಸುವುದಿಲ್ಲ. ಅದಕ್ಕೇ ತಿಳಿದವರು ಜೀವಿಯನ್ನು ಹಿಡಿದ ಕೂಡಲೇ ಅದರ ಬಣ್ಣವನ್ನು ಬರೆದಿಟ್ಟುಕೊಳ್ಳುತ್ತಾರೆ. ನಮ್ಮ ಜಾಡಿಯ ಚೀಟಿಯಲ್ಲಿ ಬಣ್ಣವೂ ಇರಲಿಲ್ಲ, ಊರೂ ಇರಲಿಲ್ಲ, ತಾರೀಕೂ ಇರಲಿಲ್ಲ. ಲ್ಯಾಟಿನ್ ಹೆಸರು ಮಾತ್ರ, ಅದೂ ಮಸಿ ಮಾಸಿದ್ದು. ಹೋಲಿಸಿ ನೋಡುವವನಿಗೆ ಅಂಥ ಜಾಡಿಯಿಂದ ಮೂರು ಕಾಸಿನ ಉಪಯೋಗವಿಲ್ಲ. ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಯಾರು ತಂದರು, ಈ ಮೂರು ಬರೆದಿದ್ದರೆ ಸತ್ತ ಓತಿ ಸಾಕ್ಷಿ ಹೇಳುತ್ತದೆ. ಬರೆಯದಿದ್ದರೆ ಅದು ಬರೀ ಸತ್ತ ಓತಿ.

ಸಾಕ್ಷಿ ಅಂದೆನಲ್ಲ, ಅದು ಅಲಂಕಾರಕ್ಕೆ ಹೇಳಿದ್ದಲ್ಲ. ಇಂಗ್ಲೆಂಡಿನಲ್ಲಿ ಹಿಂದೆ ಹಕ್ಕಿಯ ಮೊಟ್ಟೆ ಕೂಡಿಡುವ ಹುಚ್ಚು ಹಿಡಿದ ದೊಡ್ಡ ಮನುಷ್ಯರಿದ್ದರು. ಗೂಡಿಗೆ ಕೈ ಹಾಕಿ ಮೊಟ್ಟೆ ಕದ್ದು, ಸಣ್ಣ ತೂತು ಕೊರೆದು ಒಳಗಿನದನ್ನು ಊದಿ ತೆಗೆದು, ಹತ್ತಿಯ ಮೇಲೆ ಇಡುವುದು. ಕೆಟ್ಟ ಚಟ, ಅನುಮಾನವಿಲ್ಲ. ಆದರೆ ಆ ಪುಣ್ಯಾತ್ಮರು ಪ್ರತಿ ಮೊಟ್ಟೆಯ ಜೊತೆ ಊರು, ತಾರೀಕು ಬರೆದಿಡುತ್ತಿದ್ದರು. 1950ರ ದಶಕದಲ್ಲಿ ಅಲ್ಲಿ ಪೆರಿಗ್ರೀನ್ ಡೇಗೆಗಳು ಏಕೋ ಕಡಿಮೆಯಾಗತೊಡಗಿದವು, ಗೂಡಿನಲ್ಲೇ ಮೊಟ್ಟೆಗಳು ಒಡೆಯುತ್ತಿದ್ದವು. ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಆ ಹಳೆಯ ಸಂಗ್ರಹಗಳ ಮೊಟ್ಟೆ ಚಿಪ್ಪುಗಳನ್ನೆಲ್ಲ ಅಳೆದು ತೂಗಿದ. ಅಷ್ಟು ವರ್ಷ ಒಂದೇ ಸಮನಾಗಿದ್ದ ಚಿಪ್ಪಿನ ದಪ್ಪ 1947ರ ಆಸುಪಾಸಿನಿಂದ ಇದ್ದಕ್ಕಿದ್ದಂತೆ ಇಳಿದಿತ್ತು. ಎರಡನೇ ಮಹಾಯುದ್ಧ ಮುಗಿದು ಹೊಲಗದ್ದೆಗಳಿಗೆ ಡಿಡಿಟಿ ಬಂದ ಕಾಲ ಅದು. ವಿಷ ಕಾಳಿನಿಂದ ಸಣ್ಣ ಹಕ್ಕಿಗೆ, ಸಣ್ಣ ಹಕ್ಕಿಯಿಂದ ಅದನ್ನು ತಿನ್ನುವ ಡೇಗೆಗೆ ಏರಿ, ಕೊನೆಗೆ ಚಿಪ್ಪನ್ನು ತೆಳುವಾಗಿಸಿ ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುವಂತೆ ಮಾಡುತ್ತಿತ್ತು. 1967ರಲ್ಲಿ ಆತ ಇದನ್ನು ಪ್ರಕಟಿಸಿದ. ಮೊಟ್ಟೆ ಕದ್ದವರಲ್ಲಿ ಹೆಚ್ಚಿನವರ ಕಾಲಕ್ಕೆ ಡಿಡಿಟಿ ಎಂಬ ಪದಾರ್ಥವೇ ಬಳಕೆಯಲ್ಲಿರಲಿಲ್ಲ. ಯಾವ ಪ್ರಶ್ನೆಗೆ ಉತ್ತರ ಕೂಡಿಡುತ್ತಿದ್ದೇವೆ ಅಂತ ಅವರಿಗೆ ಗೊತ್ತಿರಲಿಲ್ಲ. ತಾರೀಕು ಬರೆದರು, ಅಷ್ಟು ಸಾಕಾಯಿತು.

ಇನ್ನು ಪ್ರಾಣಿಯ ಕಡೆ ಕಣ್ಣೆತ್ತು. ಇಂಥ ಸಂಗ್ರಹಾಲಯಗಳಲ್ಲಿ ಎಲ್ಲವೂ ನಿಜವಾದ ಚರ್ಮ, ನಿಜವಾದ ಗರಿ ಆಗಿರುವುದಿಲ್ಲ. ಪಡಿಯಚ್ಚುಗಳೂ ಮಾದರಿಗಳೂ ಬೇಕಾದಷ್ಟು. ಯಾವುದು ಯಾವುದೆಂದು ಕಂಡುಹಿಡಿಯುವುದೂ ಒಂದು ಆಟ. ನಿಜವಾದ ತೊಗಲಾಗಿದ್ದರೂ ಕಣ್ಣು ಮಾತ್ರ ಗಾಜಿನದೇ, ನಾಲಿಗೆ ಕೃತಕವೇ, ಒಳಗೆ ಮಾಂಸ ಇಲ್ಲ. ಪ್ರಾಣಿಯ ಮೈಕಟ್ಟಿಗೆ ಸರಿಯಾಗಿ ಅಚ್ಚೊಂದನ್ನು ಮಾಡಿ ಅದರ ಮೇಲೆ ಹದ ಮಾಡಿದ ಚರ್ಮ ಹೊದಿಸಿ ಹೊಲಿಯುತ್ತಾರೆ. ಹೊಟ್ಟೆಯ ಕೆಳಗೆ, ಕಾಲಿನ ಒಳಮಗ್ಗುಲಿಗೆ ಹೊಲಿಗೆ ಹುಡುಕು. ಹಳೆಯ ಕಾಲದ ತೊಗಲುಗಳಿಗೆ ಹುಳ ಹಿಡಿಯದಿರಲೆಂದು ಆರ್ಸೆನಿಕ್ ಬಳಿಯುತ್ತಿದ್ದರು, ನಮ್ಮವರು ಪಾಷಾಣ ಅನ್ನುವುದು ಅದನ್ನೇ. ಮುಟ್ಟಬೇಡಿ ಅನ್ನುವ ಬೋರ್ಡಿಗೆ ಒಂದು ಕಾರಣ ಇದೂ ಹೌದು. ಬಲ್ಬಿನ ಬೆಳಕು, ಕಿಟಕಿಯ ಬಿಸಿಲು ಕೂದಲಿನ ಬಣ್ಣ ಎಳೆಯುತ್ತವೆ. ಹುಲಿ ಪೇಲವವಾಗಿ ಕಂಡರೆ ನಗಬೇಡ. ಫ್ಲ್ಯಾಶ್ ಹಾಕಿ ಫೋಟೋ ತೆಗೆಯಲೂ ಬೇಡ.

ಮಂಗಟ್ಟೆ ಹಕ್ಕಿ ಎಲ್ಲಾದರೂ ಕಂಡರೆ, ಅದೇ, ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಕೂತಂತಿರುವ ದೊಡ್ಡ ಮಂಗಟ್ಟೆ, ಅದರ ಕಣ್ಣು ನೋಡು. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಮಾಡಿದವನಿಗೆ ಈ ವಿಷಯ ಗೊತ್ತಿತ್ತೇ ಅನ್ನುವುದು ಅಲ್ಲೇ ತಿಳಿದುಹೋಗುತ್ತದೆ. ಕತ್ತು, ಕೊಕ್ಕು ನೀನು ಚಿತ್ರಗಳಲ್ಲಿ ಕಂಡಷ್ಟು ಹಳದಿ ಇರುವುದಿಲ್ಲ. ಯಾಕೆ ಗೊತ್ತಾ? ಆ ಹಳದಿ ಹುಟ್ಟಿನಿಂದ ಬಂದ ಗರಿಯ ಬಣ್ಣವಲ್ಲ. ಬಾಲದ ಬುಡದಲ್ಲಿ ಒಂದು ಎಣ್ಣೆ ಗ್ರಂಥಿ ಇದೆ. ಹಕ್ಕಿ ದಿನಾ ಕೊಕ್ಕನ್ನು ಅಲ್ಲಿ ಉಜ್ಜಿಕೊಂಡು ಆ ಎಣ್ಣೆಯನ್ನು ಮೈಗೆ ಸವರಿಕೊಳ್ಳುತ್ತದೆ. ಸವರಿಕೊಳ್ಳುವ ಹಕ್ಕಿ ಇಲ್ಲವಾದಮೇಲೆ ಬಣ್ಣ ನಿಲ್ಲುವುದಾದರೂ ಹೇಗೆ? ಗಾಜಿನ ಪೆಟ್ಟಿಗೆ ಎಷ್ಟನ್ನು ಹೇಳಬಲ್ಲದು, ಎಲ್ಲಿಂದಾಚೆ ಅದರ ಕೈಲಾಗುವುದಿಲ್ಲ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. ಪರೀಕ್ಷೆ ಮುಗಿದಮೇಲೆ ದಾಂಡೇಲಿಗೆ ಹೋಗೋಣ. ಅಲ್ಲಿ ಎಣ್ಣೆ ಸವರಿಕೊಳ್ಳುವವರು ಇನ್ನೂ ಇದ್ದಾರೆ.

ಮೈಸೂರಿಗೆ ಈ ತೊಗಲಿನ ವಿದ್ಯೆಯ ಜೊತೆ ಹಳೆಯ ನಂಟಿದೆ, ಅದೂ ನಿನಗೆ ತಿಳಿದಿರಲಿ. ವ್ಯಾನ್ ಇಂಗನ್ ಎಂಬ ಮನೆತನದವರು ಆ ಊರಿನಲ್ಲಿ 1900ರಿಂದ 1999ರವರೆಗೆ ಒಂದು ಕಾರ್ಖಾನೆ ನಡೆಸಿದರು. ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು, ಹೊರದೇಶದ ಶಿಕಾರಿಗಳು ಹೊಡೆದ ಹುಲಿ ಚಿರತೆಗಳೆಲ್ಲ ಅಲ್ಲಿಗೆ ಬರುತ್ತಿದ್ದವು, ಬಾಯಿ ಕಿಸಿದ ತಲೆಗಳಾಗಿ, ಹಾಸುಗಳಾಗಿ ವಾಪಸು ಹೋಗುತ್ತಿದ್ದವು. ಕೈಕೆಲಸದಲ್ಲಿ ಅವರನ್ನು ಮೀರಿಸಿದವರು ಜಗತ್ತಿನಲ್ಲೇ ಕಡಿಮೆ. ಲೆಕ್ಕದ ಪುಸ್ತಕವನ್ನೂ ಶಿಸ್ತಾಗಿ ಇಟ್ಟಿದ್ದರು. ಅದರ ಪ್ರಕಾರ ಅವರ ಕೈ ಹಾದುಹೋದ ಹುಲಿ ಮತ್ತು ಚಿರತೆಗಳು 43,000ಕ್ಕೂ ಹೆಚ್ಚು. 2022ರ ಗಣತಿಯ ಅಂದಾಜಿನಲ್ಲಿ ಇಡೀ ಭಾರತದಲ್ಲಿ ಇರುವ ಹುಲಿ 3,682, ನಮ್ಮ ರಾಜ್ಯದಲ್ಲಿ 563. ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡು ಒಮ್ಮೆ ನೋಡು, ನಾನು ವಿವರಿಸುವುದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಶಿಕಾರಿ ನಿಂತಿತು, ಅದರ ಹಿಂದೆ ಆ ಕಸುಬೂ ಸೊರಗಿತು.

ಗೋಡೆಗೆ ತಗುಲಿಹಾಕಿದ ಹುಲಿಯ ತಲೆಗೂ ಸಂಗ್ರಹಾಲಯದ ಹುಲಿಗೂ ಒಂದು ವ್ಯತ್ಯಾಸವಿದೆ. ಮೊದಲನೆಯದರ ಕೆಳಗಿನ ಹಿತ್ತಾಳೆ ತಗಡಿನಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಹೊಡೆದವನ ಹೆಸರು. ಎರಡನೆಯದರಲ್ಲಿ ಇರುವುದು ಹುಲಿಯ ಹೆಸರು. ಯಾವ ಊರಿನ ಬಂಗಲೆ, ಹಳೆಯ ಕ್ಲಬ್ಬು, ರೆಸಾರ್ಟಿನಲ್ಲಿ ಇಂಥದ್ದನ್ನು ಕಂಡರೂ ಚೀಟಿ ಯಾರ ಬಗ್ಗೆ ಇದೆ ಅಂತ ಗಮನಿಸು.

ನೀನು ಸಲೀಂ ಅಲಿ ಹೆಸರು ಕೇಳಿದ್ದೀಯ, ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಸಲಹೆಯಿಂದ. ಅವರು ಹಕ್ಕಿಯ ದಾರಿಗೆ ಬಿದ್ದದ್ದು ಕಾಡಿನಲ್ಲಲ್ಲ, ಒಂದು ಸಂಗ್ರಹದ ಮುಂದೆ. 1908ರ ಸುಮಾರಿಗೆ ಹತ್ತು ಹನ್ನೆರಡರ ಹುಡುಗ, ಆಟದ ಕೋವಿಯಿಂದ ಗುಬ್ಬಿಯೊಂದನ್ನು ಹೊಡೆದ. ಎತ್ತಿ ನೋಡಿದರೆ ಗಂಟಲಲ್ಲಿ ಹಳದಿ ಚುಕ್ಕೆ, ಮನೆಯ ಗುಬ್ಬಿಯ ಹಾಗಿಲ್ಲ. ಸೋದರಮಾವನಿಗೂ ಅದೇನೆಂದು ಗೊತ್ತಾಗಲಿಲ್ಲ. ‘ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋಗಿ ಕೇಳು’ ಎಂದು ಚೀಟಿ ಬರೆದುಕೊಟ್ಟು ಕಳಿಸಿದ. ಅಲ್ಲಿ ಕಾರ್ಯದರ್ಶಿ ಮಿಲ್ಲರ್ಡ್ ಎಂಬ ಇಂಗ್ಲಿಷ್ ಸಾಹೇಬ. ಕೊಳಕು ಕಾಗದದಲ್ಲಿ ಸತ್ತ ಹಕ್ಕಿ ಸುತ್ತಿಕೊಂಡು ಬಂದ ಹುಡುಗನನ್ನು ಆತ ಗದರಿಸಿ ಕಳಿಸಬಹುದಾಗಿತ್ತು. ಕಳಿಸಲಿಲ್ಲ. ಒಂದರ ಹಿಂದೊಂದು ಖಾನೆ ಎಳೆದು, ಸಾಲಾಗಿ ಮಲಗಿಸಿದ್ದ ನೂರಾರು ಹಕ್ಕಿ ತೊಗಲುಗಳನ್ನು ತೋರಿಸಿ, ಇದೇ ಕಾಣಪ್ಪ ನಿನ್ನ ಗುಬ್ಬಿ ಎಂದು ಗುರುತು ಹಿಡಿದುಕೊಟ್ಟ. ಒಂದು ದೇಶದ ಪಕ್ಷಿವಿಜ್ಞಾನಕ್ಕೆ ಆ ಮಧ್ಯಾಹ್ನ ಸಾಕಾಯಿತು.

ಇದರಲ್ಲಿ ನಿನಗೆ ನನ್ನ ಕಿವಿಮಾತು ಇಷ್ಟು: ಅಲ್ಲಿನ ಸಿಬ್ಬಂದಿಯನ್ನು ಮಾತಾಡಿಸು. ನಮ್ಮ ಹುಡುಗ ಹುಡುಗಿಯರಿಗೆ ಇದೊಂದು ದೊಡ್ಡ ಸಂಕೋಚ, ಗೂಗಲನ್ನು ನೂರು ಪ್ರಶ್ನೆ ಕೇಳುತ್ತಾರೆ, ಎದುರಿಗೆ ಕುರ್ಚಿಯಲ್ಲಿ ಕೂತ ಮನುಷ್ಯನನ್ನು ಒಂದನ್ನೂ ಕೇಳುವುದಿಲ್ಲ. ‘ಸರ್, ಇದು ಎಲ್ಲಿಂದ ಬಂತು? ಮೇಡಂ, ಇದನ್ನು ಯಾರು ಮಾಡಿದ್ದು?’ ಅಂತ ವಿನಯವಾಗಿ ಕೇಳು. ಕೆಲವರು ‘ಬೋರ್ಡ್ ನೋಡಿ’ ಅನ್ನಬಹುದು. ಬೇಸರ ಬೇಡ. ಇನ್ನೊಬ್ಬರನ್ನು ಕೇಳು. ದಿನವಿಡೀ ‘ಟಾಯ್ಲೆಟ್ ಎಲ್ಲಿ’ ಅನ್ನುವ ಪ್ರಶ್ನೆಗೇ ಉತ್ತರ ಕೊಟ್ಟು ಸಾಕಾದ ಮನುಷ್ಯ, ಮಂಗಟ್ಟೆಯ ಕಣ್ಣಿನ ಬಗ್ಗೆ ಯಾರಾದರೂ ಕೇಳಿದರೆ ಎದ್ದು ನಿಂತು ಹೇಳುತ್ತಾನೆ, ನೋಡುತ್ತಿರು.

ಬೋರ್ಡಿನಲ್ಲಿ ತಪ್ಪು ಕಂಡರೆ? ಕಾಣುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ನಾನು ಕಂಡ ಒಂದು ಸರ್ಕಾರಿ ಸಂಗ್ರಹಾಲಯದಲ್ಲಿ ಗಂಡು ನವಿಲಿನ ಕೆಳಗೆ ಹೆಣ್ಣು ನವಿಲೆಂದು ಬರೆದಿತ್ತು. ಬಲ್ಬು ಹೋಗಿರುತ್ತದೆ, ಗುಂಡಿ ಒತ್ತಿದರೆ ಕೂಗಬೇಕಾದ ಕಪ್ಪೆ ಕೂಗುವುದಿಲ್ಲ. ಗೆಳತಿಯರ ಜೊತೆ ಸೇರಿ ನಗಾಡಿ, ಫೋಟೋ ಹೊಡೆದು ಸ್ಟೇಟಸ್ಸಿಗೆ ಹಾಕುವುದು ಸುಲಭ. ಅದರ ಬದಲು ಅಭಿಪ್ರಾಯದ ಪುಸ್ತಕದಲ್ಲಿ ಇಂಥ ಕಡೆ ಇಂಥ ತಪ್ಪಿದೆ, ಸರಿ ಹೀಗಿರಬೇಕು ಎಂದು ಎರಡು ಸಾಲು ಬರೆ, ಹೆಸರು ಹಾಕು. ತಿದ್ದುತ್ತಾರೋ ಬಿಡುತ್ತಾರೋ ಅವರಿಗೆ ಬಿಟ್ಟದ್ದು.

ಡೈನೋಸಾರ್ ವಿಷಯಕ್ಕೆ ಬರುತ್ತೇನೆ. ಯಾವ ಸಂಗ್ರಹಾಲಯಕ್ಕೆ ಹೋದರೂ ಮಕ್ಕಳು ಮೊದಲು ಕೇಳುವುದು ಅದನ್ನೇ. ನೀನು ಕೇಳಬೇಕಾದ ಪ್ರಶ್ನೆ ಬೇರೆ: ನಮ್ಮೂರಲ್ಲಿ ಯಾಕೆ ಡೈನೋಸಾರ್ ಮೂಳೆ ಸಿಗುವುದಿಲ್ಲ? ಜಬಲ್ಪುರದಲ್ಲಿ 1828ರಲ್ಲೇ ಸಿಕ್ಕಿತು, ಥಗ್ಗರನ್ನು ಅಡಗಿಸಿದ ಸ್ಲೀಮನ್ ಸಾಹೇಬನ ಕೈಗೇ. ಗುಜರಾತಿನಲ್ಲಿ ಸಿಕ್ಕಿದೆ, ತಮಿಳುನಾಡಿನ ಅರಿಯಲೂರಿನಲ್ಲಿ ಸಿಕ್ಕಿದೆ. ಆ ಪ್ರಶ್ನೆಗೆ ಉತ್ತರ ಚಾಮುಂಡಿ ಬೆಟ್ಟದಲ್ಲೇ ಇದೆ. ನೀನು ಮೆಟ್ಟಿಲು ಹತ್ತುವಾಗ ಕಾಲ ಕೆಳಗಿರುವ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ. ಬರುವ ದಾರಿಯಲ್ಲಿ ರಾಮನಗರದ ಬಂಡೆಗಳನ್ನು ನೋಡುತ್ತೀಯಲ್ಲ, ಅವಕ್ಕೆ ಹತ್ತಿರ ಹತ್ತಿರ 250 ಕೋಟಿ. ಹಾಸನ ಜಿಲ್ಲೆಯ ಗೊರೂರಿನ ಕಲ್ಲು 300 ಕೋಟಿಯನ್ನೂ ದಾಟುತ್ತದೆ. ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷವಾಯಿತಷ್ಟೆ. ಅವು ಹುಟ್ಟುವ ಎಷ್ಟೋ ಮೊದಲೇ ನಮ್ಮ ಕಲ್ಲು ಕಲ್ಲಾಗಿ ಕೂತಿತ್ತು. ಅದರೊಳಗೆ ಮೂಳೆ ಸೇರುವುದಾದರೂ ಹೇಗೆ? ಅಲ್ಲದೆ ಇಂಥ ಕರಗಿ ಗಟ್ಟಿಯಾದ ಕಲ್ಲಿನಲ್ಲಿ ಮೂಳೆ ಉಳಿಯುವುದೂ ಇಲ್ಲ, ಅದಕ್ಕೆ ಕೆಸರು ಮರಳು ಕೂತು ಆದ ಪದರಗಲ್ಲು ಬೇಕು.

ಹಾಗಂತ ನಮ್ಮಲ್ಲಿ ಪಳೆಯುಳಿಕೆಯೇ ಇಲ್ಲ ಅಂದುಕೊಳ್ಳಬೇಡ. ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನ ದೊಡ್ಡಗುಣಿಯ ಕಡೆ, ವಾಣಿವಿಲಾಸ ಸಾಗರದ ಕಡೆ ಸ್ಟ್ರೊಮಟೊಲೈಟ್ ಎಂಬ ಪದರು ಪದರಾದ ಕಲ್ಲುಗಳಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಪಾಚಿಯಂತೆ ಹಾಸಿಕೊಂಡು, ಅದರ ಮೇಲೆ ಕೆಸರು ಕೂತು, ಮತ್ತೆ ಅವು ಮೇಲಕ್ಕೆ ಹಬ್ಬಿ, ಮತ್ತೆ ಕೆಸರು ಕೂತು ಆದವು. 250 ಕೋಟಿ ವರ್ಷಕ್ಕೂ ಹಿಂದಿನ ಜೀವದ ಗುರುತು. ಬಾಯಿಯಿಲ್ಲ, ಹಲ್ಲಿಲ್ಲ, ಸಿನಿಮಾದಲ್ಲಿ ಪಾತ್ರವಿಲ್ಲ, ಆದ್ದರಿಂದ ಯಾರೂ ಸೆಲ್ಫಿ ತೆಗೆದುಕೊಳ್ಳುವುದಿಲ್ಲ. ಬೆಳಕು ತಿಂದು ಆಮ್ಲಜನಕ ಬಿಟ್ಟ ಇಂಥ ಜೀವಿಗಳಿಂದಲೇ ಈ ಗಾಳಿ ಉಸಿರಾಡುವಂತಾಯಿತು. ಪ್ರಾದೇಶಿಕ ಸಂಗ್ರಹಾಲಯ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಡೈನೋಸಾರ್ ತೋರಿಸುವುದಿಲ್ಲ, ದೊಡ್ಡಗುಣಿಯ ಕಲ್ಲು ತೋರಿಸುತ್ತೇನೆ.

ಸಣ್ಣ ಊರಿನ ಸಂಗ್ರಹಾಲಯದಿಂದ ಏನಾದೀತು ಅನ್ನುವವರಿಗೆ ಇನ್ನೊಂದು ಕಥೆ. ದಕ್ಷಿಣ ಆಫ್ರಿಕದ ಈಸ್ಟ್ ಲಂಡನ್ ಎಂಬ ಬಂದರು ಪಟ್ಟಣದಲ್ಲಿ ಪುಟ್ಟ ಸಂಗ್ರಹಾಲಯ, ಅದರ ಉಸ್ತುವಾರಿ ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್ ಎಂಬ ಯುವತಿಯದು. ಮೀನು ದೋಣಿಯವರಿಗೆ ಆಕೆ ಹೇಳಿಟ್ಟಿದ್ದಳು, ವಿಚಿತ್ರವಾದದ್ದೇನಾದರೂ ಬಲೆಗೆ ಬಿದ್ದರೆ ನನಗೆ ತಿಳಿಸಿ ಎಂದು. 1938ರ ಡಿಸೆಂಬರ್ 22ರಂದು, ಕ್ರಿಸ್‌ಮಸ್ ಗಡಿಬಿಡಿಯಲ್ಲಿ, ಕರೆ ಬಂತು. ಮೀನು ರಾಶಿಯ ಕೆಳಗಿನಿಂದ ನೀಲಿ ಈಜುರೆಕ್ಕೆಯೊಂದು ಇಣುಕುತ್ತಿತ್ತು. ಎಳೆದು ನೋಡಿದರೆ ಐದಡಿ ಉದ್ದದ, ಕಾಲುಗಳಂಥ ರೆಕ್ಕೆಗಳ ಮೀನು. ನಾರುವ ಮೀನನ್ನು ಹತ್ತಿಸಿಕೊಳ್ಳಲು ಟ್ಯಾಕ್ಸಿಯವನು ಒಪ್ಪಲಿಲ್ಲ, ಬೈದಾಡಿ ಒಪ್ಪಿಸಿದಳು. ಸಂಗ್ರಹಾಲಯದ ಹಿರಿಯರು ಇದು ಸಾಮಾನ್ಯ ಮೀನು ಎಂದು ತಳ್ಳಿಹಾಕಿದರು. ಅವಳು ಬಿಡಲಿಲ್ಲ. ಚಿತ್ರ ಬರೆದು ಪ್ರೊಫೆಸರ್ ಸ್ಮಿತ್ ಎಂಬುವರಿಗೆ ಅಂಚೆಯಲ್ಲಿ ಕಳಿಸಿದಳು. ಡೈನೋಸಾರ್‌ಗಳ ಜೊತೆಗೇ ಅಳಿದುಹೋಯಿತೆಂದು ಎಲ್ಲರೂ ನಂಬಿದ್ದ ಸೀಲಕಾಂತ್ ಅದು. ಅಂಥದ್ದು ಇನ್ನೊಂದು ಸಿಗಲು 14 ವರ್ಷ ಬೇಕಾಯಿತು. ಆ ಮೀನಿನ ಕುಲಕ್ಕೆ ಸ್ಮಿತ್ ಇಟ್ಟ ಹೆಸರು ಲ್ಯಾಟಿಮೇರಿಯಾ.

ಚಿತ್ರ ಬರೆದಳು ಅಂದೆ, ಅದನ್ನು ಹಿಡಿದುಕೋ. ಮೊಬೈಲಿನ ಫೋಟೋ ಸಾಲದು. ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಒಯ್ಯಿ. ನಿನಗೆ ಚಿತ್ರ ಬಾರದು ಅನ್ನಬೇಡ, ನನಗೂ ಬಾರದು. ಮಂಗಟ್ಟೆಯ ಕೊಕ್ಕು ಬರೆಯಲು ಹೊರಟಾಗಲೇ ಮೇಲಿನ ಗುಬುಟು ಎಲ್ಲಿ ಶುರುವಾಗುತ್ತದೆ, ಮೂಗಿನ ಹೊಳ್ಳೆ ಎಲ್ಲಿದೆ ಎಂದು ಕಣ್ಣು ಹುಡುಕುವುದು. ಕ್ಯಾಮೆರಾ ನಿನ್ನ ಪರವಾಗಿ ನೋಡಿಬಿಡುತ್ತದೆ. ಪೆನ್ಸಿಲ್ಲು ನಿನ್ನಿಂದಲೇ ನೋಡಿಸುತ್ತದೆ.

ಕಾರವಾರಕ್ಕೆ ಹೋಗುತ್ತಿರುತ್ತೀಯಲ್ಲ, ಅಲ್ಲೊಬ್ಬ ಅರಣ್ಯಾಧಿಕಾರಿ ಇದ್ದ, ಟಿ. ಆರ್. ಬೆಲ್. ಐರ್ಲೆಂಡಿನವನು. 1884ರಲ್ಲಿ ಈ ಕಡೆ ಬಂದವನು ನಿವೃತ್ತನಾದರೂ ಸ್ವದೇಶಕ್ಕೆ ಮರಳದೆ 1948ರಲ್ಲಿ ಸಾಯುವವರೆಗೂ ಕಾರವಾರದಲ್ಲೇ ಉಳಿದ. ಚಿಟ್ಟೆ ಪತಂಗಗಳ ಹುಳುಗಳನ್ನು ಮನೆಯಲ್ಲೇ ಸಾಕಿ, ಯಾವ ಹುಳು ಯಾವ ಗಿಡದ ಎಲೆ ತಿನ್ನುತ್ತದೆ, ಯಾವಾಗ ಗೂಡು ಕಟ್ಟುತ್ತದೆ, ಎಂದು ಹೊರಬರುತ್ತದೆ ಎಂಬುದನ್ನೆಲ್ಲ ಬರೆದಿಟ್ಟ. ಉತ್ತರ ಕನ್ನಡದ ಆ ಸಂಗ್ರಹ ಇವತ್ತು ಇರುವುದು ಲಂಡನ್ನಿನಲ್ಲಿ. ನಮ್ಮ ಕಾಡಿನ ಪತಂಗ ನೋಡಲು ನಮ್ಮವರು ವೀಸಾ ಮಾಡಿಸಬೇಕು. ನನಗೆ ಇದರಲ್ಲಿ ಬೆಲ್‌ನ ಮೇಲೆ ಸಿಟ್ಟಿಲ್ಲ. ಆಗ ನಮ್ಮ ಕಡೆ ಇಟ್ಟುಕೊಳ್ಳುವ ಇಂಥ ಮನೆ ಇರಲಿಲ್ಲ. ಈಗ ಇದೆ, ಆದರೆ ಒಳಗೆ ಹೋಗುವವರು ಬೇಕು.

ಸಂಗ್ರಹಾಲಯದಿಂದ ಹೊರಬಿದ್ದ ಕೂಡಲೇ ಚುರುಮುರಿಯವನ ಹತ್ತಿರ ಓಡದೆ ಕಾರಂಜಿ ಕೆರೆಗೆ ಹೋಗು. ಒಳಗೆ ಗಾಜಿನ ಹಿಂದೆ ಕಂಡದ್ದರಲ್ಲಿ ಕೆಲವು ಅಲ್ಲಿ ರೆಕ್ಕೆ ಬಡಿಯುತ್ತಿರುತ್ತವೆ. ಬಣ್ಣದ ಕೊಕ್ಕರೆ ಮರದ ಮೇಲೆ ಕೂತಿರುತ್ತದೆ, ನೀರುಕಾಗೆ ರೆಕ್ಕೆ ಒಣಗಿಸುತ್ತಿರುತ್ತದೆ. ಇ-ಬರ್ಡ್ ಎಂಬ ಆ್ಯಪ್ ಹಾಕಿಕೊಂಡು ಅರ್ಧ ಗಂಟೆ ಕಂಡ ಹಕ್ಕಿಗಳನ್ನೆಲ್ಲ ಅದರಲ್ಲಿ ಬರೆ. ಜಾಗ, ತಾರೀಕು, ನಿನ್ನ ಹೆಸರು ಅದರಲ್ಲಿ ತಾವಾಗಿಯೇ ಸೇರಿಕೊಳ್ಳುತ್ತವೆ. ನಮ್ಮ ಜಾಡಿಯ ಓತಿಗೆ ಸಿಗದ ಚೀಟಿ ಇದು. ಯಾವ ಜೀವವನ್ನೂ ಕೊಲ್ಲಬೇಕಾಗಿಲ್ಲ.

ಬರೆಯುವಾಗ ಕಾಗೆಯನ್ನು ಬಿಡಬೇಡ. ಅಪರೂಪದ್ದನ್ನು ಎಲ್ಲರೂ ಬರೆಯುತ್ತಾರೆ. ನಾವು ಹುಡುಗರಾಗಿದ್ದಾಗ ಊರಾಚೆ ಸತ್ತ ಎತ್ತಿನ ಸುತ್ತ ರಣಹದ್ದುಗಳು ಮುಗಿಬೀಳುತ್ತಿದ್ದವು. ಯಾರು ಎಣಿಸಿದರು? ಕಾಗೆಯಷ್ಟೇ ಸಾಮಾನ್ಯವಾದದ್ದನ್ನು ಎಣಿಸುವುದೇನು ಅಂತ ಬಿಟ್ಟೆವು. 1990ರ ದಶಕದಲ್ಲಿ ಅವು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಾಯವಾದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ ಹೆಣದ ಮಾಂಸದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸುತ್ತಿದೆ ಎಂದು ಗೊತ್ತಾಗಿ, ದನಗಳಿಗೆ ಅದನ್ನು ಕೊಡಬಾರದೆಂದು ಸರ್ಕಾರ ಹೇಳುವ ಹೊತ್ತಿಗೆ 2006 ಆಗಿತ್ತು. ಎಷ್ಟೋ ಊರುಗಳಲ್ಲಿ ಎಷ್ಟಿದ್ದವು ಎಂಬ ಹಳೆಯ ಲೆಕ್ಕವೇ ಇಲ್ಲ, ನಮ್ಮಂಥವರ ನೆನಪು ಮಾತ್ರ. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ‘ಶೋಲೆ’ ಚಿತ್ರ ತೆಗೆದ ಬೆಟ್ಟಗಳೇ ಅವು, ಬಸ್ಸಿನ ಕಿಟಕಿಯಿಂದ ಕಾಣುತ್ತವೆ. ಕಾಗೆ ಎಷ್ಟಿದ್ದವು ಅಂತ ಎಣಿಸಿ ಬರೆ. ಅಂದಾಜಾದರೆ ಅಂದಾಜು ಅಂತಲೇ ಬರೆ.

ಇನ್ನೊಂದು ಮಾತು ಮರೆಯುತ್ತಿದ್ದೆ. ಸೋಮವಾರ ಹೋಗಬೇಡ, ಬಾಗಿಲು ಹಾಕಿರುತ್ತದೆ. ಬೆಳಿಗ್ಗೆ ತೆರೆದ ಹೊತ್ತಿಗೇ ಹೋಗು, ಶಾಲೆಯ ಬಸ್ಸುಗಳು ಬರುವ ಮೊದಲು ನಿನಗೆ ಒಂದು ಗಂಟೆ ಸಿಗುತ್ತದೆ.

ನಿನ್ನ
ದೊಡ್ಡಪ್ಪ